ನಾರ್ಮಲ್ ಅಂದ ಮಶೀನು

ಫಾರ್ಮಿನ ಏಳನೆಯ ಪ್ರಶ್ನೆಗೆ ಬಂದಾಗ ಲುಂಬಿನಿಯ ಪೆನ್ನು ನಿಂತಿತು. ದೇಹದಲ್ಲಿ ಎಲ್ಲಾದರೂ ಲೋಹದ ಚೂರು ಸೇರಿಕೊಂಡಿದೆಯೇ ಎಂದು ಇಂಗ್ಲಿಷಿನಲ್ಲಿ ಕೇಳಿದ್ದರು. ಜನವರಿಯಲ್ಲಿ ಕಲಬುರಗಿಯ ಇದೇ ಸ್ಕ್ಯಾನ್ ಸೆಂಟರಿನಲ್ಲಿ, ದಾರ ಕಟ್ಟಿದ ಇದೇ ಪೆನ್ನಿನಿಂದ ಗಂಡನ ಹೆಸರಿನ ಫಾರ್ಮು ತುಂಬುವಾಗ ಅವಳು ಈ ಪ್ರಶ್ನೆಯನ್ನು ಪೂರ್ತಿ ಓದದೆಯೇ ಇಲ್ಲ ಎಂದು ಗುರುತು ಹಾಕಿದ್ದಳು. ಹೈಸ್ಕೂಲ್ ಮಾಸ್ತರನ ಮೈಯಲ್ಲಿ ಲೋಹ ಎಲ್ಲಿಂದ ಬರಬೇಕು. ಈ ಸಲದ ಫಾರ್ಮು ಮೈದುನ ಸುರೇಶಕುಮಾರನದು. ಅವನು ಪಕ್ಕದ ಕುರ್ಚಿಯಲ್ಲಿ ಕಾಲು ಅಲುಗಾಡಿಸುತ್ತ ಕೂತಿದ್ದ. ಅವನ ಆಚೆ ಅತ್ತೆ ಅನಸುಬಾಯಿ. ವಾಡಿಯಿಂದ ರೈಲಿನಲ್ಲೂ ಹೀಗೆಯೇ ಕೂತು ಬಂದಿದ್ದರು, ಇಬ್ಬರು ಹೆಂಗಸರ ನಡುವೆ ಅವನು. ಹೊರಗೆ ಮೇ ತಿಂಗಳ ಬಿಸಿಲು ಡಾಂಬರನ್ನು ಮೆತ್ತಗೆ ಮಾಡುತ್ತಿತ್ತು. ಒಳಗೆ ಹಲ್ಲು ಕಟಕಟಿಸುವಷ್ಟು ಏಸಿ. ಅನಸುಬಾಯಿ ಸೆರಗನ್ನು ಕಿವಿ ಮುಚ್ಚುವಂತೆ ಹೊದ್ದುಕೊಂಡು, ಈ ಚಳಿಯನ್ನೂ ಸೊಸೆಯೇ ತಂದಿಟ್ಟಳು ಎಂಬಂತೆ ಅವಳ ಕಡೆ ನೋಡಿದಳು.

"ಮೈಯಾಗ ಎಲ್ಲ್ಯರ ಕಬ್ಬಿಣ ಅದ ಏನಂತ ಕೇಳ್ಯಾರ" ಎಂದಳು ಲುಂಬಿನಿ.

"ಅವನ ಮೈಯಾಗ ಕಬ್ಬಿಣ ಎಲ್ಲಿಂದ ಬರ್ತದ? ನಾ ಹಡದೀನಿ, ನನಗ ಗೊತ್ತಿಲ್ಲೇನು?"

"ಇರ್ತದ ಅಂತ ಬರೀರಿ ವೈನಿ" ಎಂದ ಸುರೇಶ. ಬೆಳಿಗ್ಗೆಯಿಂದ ಮೊದಲ ಬಾರಿಗೆ ಅವನ ಮುಖ ಬಿಚ್ಚಿಕೊಂಡಿತ್ತು. "ಕಣ್ಣಾಗ ಇರ್ತದ. ಹನ್ನೊಂದು ವರ್ಷ ಗ್ರೈಂಡಿಂಗ್, ವೆಲ್ಡಿಂಗ್ ಮಾಡೀನಿ. ವೆಲ್ಡರ್ ಕಣ್ಣಾಗ ಇರಲಿಲ್ಲಂದ್ರ ಮತ್ಯಾರ ಕಣ್ಣಾಗ ಇರ್ತದ? ಕಬ್ಬಿಣ ಇದ್ರ ಮಶೀನಿನಾಗ ಹಾಕಂಗಿಲ್ಲಂತ, ನಮ್ಮ ಹುಡುಗ್ರು ಹೇಳ್ಯಾರ."

ಅವನಿಗೆ ಬೇಕಾಗಿದ್ದುದು ಸ್ಕ್ಯಾನ್ ಅಲ್ಲ, ಒಂದು ಕಾಗದ. ಹದಿನೈದು ದಿನದ ಹಿಂದೆ ಕೆಲಸದ ಮೇಲಿದ್ದಾಗ ಅವನು ಕಣ್ಣಿಗೆ ಕತ್ತಲೆ ಬಂದು ಬಿದ್ದಿದ್ದ. ನೆಲದಿಂದ ನಾಲ್ಕೇ ಅಡಿ ಎತ್ತರದಲ್ಲಿ ನಿಂತಿದ್ದುದರಿಂದ ಮೊಣಕೈ ಮಾತ್ರ ತರಚಿತು. ಗುತ್ತಿಗೆದಾರ ನಾಗೇಂದ್ರಪ್ಪ ಮನೆಗೇ ಬಂದು, ನಿಮ್ಮ ಮನೆತನದ ಹೃದಯ ಹೇಗಿದೆ ಎಂದು ಊರಿಗೇ ಗೊತ್ತಿದೆ, ಡಾಕ್ಟರ ಕಾಗದ ಇಲ್ಲದೆ ನನ್ನ ಸೈಟಿನಲ್ಲಿ ಕಾಲಿಡಬೇಡ ಎಂದು ಹೇಳಿಹೋಗಿದ್ದ. ಫೆಬ್ರವರಿಯ ಕೊನೆಯ ವಾರ ರಾವೂರಿನ ಶಾಲೆಯಲ್ಲಿ, ಬೆಳಗಿನ ಪ್ರಾರ್ಥನೆಯ ಸಾಲಿನ ಮುಂದೆ ಅವನ ಅಣ್ಣ, ಲುಂಬಿನಿಯ ಗಂಡ ರಾಜರತ್ನ ನಿಂತಲ್ಲೇ ಬಿದ್ದು ಸತ್ತಾಗ, ಶವಪರೀಕ್ಷೆ ಮಾಡಿದ ಡಾಕ್ಟರು ಹೃದಯದ ಗೋಡೆ ವಿಪರೀತ ದಪ್ಪವಾಗಿತ್ತು, ಒಡಹುಟ್ಟಿದವರನ್ನೂ ಪರೀಕ್ಷೆ ಮಾಡಿಸಿ ಎಂದಿದ್ದರು. ಸುರೇಶನ ಎಕೋ ನೋಡಿದ ಡಾಕ್ಟರರೂ ಅದನ್ನೇ ಹೇಳಿದರು. ದಪ್ಪ ಇರುವಂತೆ ಕಾಣುತ್ತದೆ, ಎಂಆರ್‌ಐ ಮಾಡಿದರೆ ಹೃದಯ ಬಡಿಯುವುದನ್ನೇ ಸಿನಿಮಾದಂತೆ ನೋಡಬಹುದು, ಎಲ್ಲಿ ಎಷ್ಟು ದಪ್ಪ, ಎಲ್ಲಿ ಗಾಯದ ಕಲೆ, ಎಲ್ಲ ತಿಳಿಯುತ್ತದೆ, ಕಲೆ ಇದ್ದರೆ ತಡಮಾಡುವ ಹಾಗಿಲ್ಲ. ಆದರೆ ಅನಸುಬಾಯಿ ಮೂರು ತಿಂಗಳಿಂದ ಮನೆಗೆ ಬಂದುಹೋಗುವವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದಳು. ಅದೇ ಮಶೀನ್ ನನ್ನ ಮಗಗ ನಾರ್ಮಲ್ ಅಂದಿತ್ತು. ನಾರ್ಮಲ್ ಅಂದು ನಲವತ್ತು ದಿನಕ್ಕ ಮಣ್ಣು ಮಾಡಿದ್ವಿ. ಬುದ್ಧನ ಫೋಟೋದ ಕೆಳಗೆ ಗೋಡೆಗೆ ಒರಗಿ ಕೂತು, ಚಹಾದ ಬಟ್ಟಲು ಎತ್ತಿಡುತ್ತಿರುವ ಸೊಸೆಗೆ ಕೇಳುವಷ್ಟು ಗಟ್ಟಿಯಾಗಿ. ಪ್ರತಿ ಸಲವೂ ಲುಂಬಿನಿ ಬಟ್ಟಲು ತೆಗೆದುಕೊಂಡು ಒಳಗೆ ಹೋಗುತ್ತಿದ್ದಳು. ಮಶೀನು ಏನೂ ಅಂದಿರಲಿಲ್ಲ. ರಾಜರತ್ನನ ಸ್ಕ್ಯಾನ್ ಆಗಿಯೇ ಇರಲಿಲ್ಲ. ಇದು ಗೊತ್ತಿದ್ದವರು ಇಬ್ಬರೇ, ಅವರಲ್ಲಿ ಒಬ್ಬನು ಸತ್ತಿದ್ದ.

ಮೂರನೆಯವನೊಬ್ಬನಿದ್ದಾನೆ ಎಂಬುದನ್ನು ಅವಳು ಮರೆತಿದ್ದಳು. ದಪ್ಪ ಬಾಗಿಲು ತೆರೆದು ಟೆಕ್ನಿಶಿಯನ್ ಬಂದೇಅಲಿ ಹೊರಗೆ ಬಂದ, ಫಾರ್ಮು ತೆಗೆದುಕೊಂಡ, ಅವಳ ಮುಖವನ್ನು ಒಂದು ಕ್ಷಣ ಹೆಚ್ಚಾಗಿಯೇ ನೋಡಿದ.

"ನೀವು ಮೊದ್ಲು ಬಂದಿದ್ರಲ್ಲ ಮೇಡಂ? ಮಾಸ್ತರ್ ಸಾಹೇಬ್ರ ಜೊತಿ. ಆರಾಮ ಅದಾರೇನು ಅವರು?"

"ಇಲ್ಲ" ಎಂದಳು. "ತೀರಿಕೊಂಡ್ರು."

ಬಂದೇಅಲಿ ತಲೆ ತಗ್ಗಿಸಿ ಏನೋ ಗೊಣಗಿದ. ಆಮೇಲೆ, ಮಾತು ಬದಲಿಸುವ ಗಡಿಬಿಡಿಯಲ್ಲಿ, "ಇವರರ ಪೂರಾ ಮಾಡಿಸ್ಕೋತಾರಲ?" ಎಂದ.

"ಪೂರಾ ಅಂದ್ರ?" ಎಂದಳು ಅನಸುಬಾಯಿ ಸೆರಗಿನ ಒಳಗಿನಿಂದ.

ಲುಂಬಿನಿ ಫಾರ್ಮಿನ ಕಡೆ ಬೆರಳು ತೋರಿಸಿ, "ವೆಲ್ಡರ್ ಅದಾನ, ಕಣ್ಣಾಗ ಕಬ್ಬಿಣ ಇರಬಹುದು" ಎಂದಳು. ಬಂದೇಅಲಿಗೆ ಅದು ಕೆಲಸದ ಮಾತು. ಹಾಗಾದರೆ ಮೊದಲು ಕಣ್ಣಿನ ಎಕ್ಸ್‌ರೇ ಆಗಬೇಕು ಎಂದು ಸುರೇಶನನ್ನು ಕರೆದುಕೊಂಡು ಹೋದ. ನಡುವಿನ ಕುರ್ಚಿ ಖಾಲಿಯಾಯಿತು. ಅನಸುಬಾಯಿ ತನ್ನ ಕೈಚೀಲವನ್ನು ಅದರ ಮೇಲಿಟ್ಟಳು.

ಜನವರಿಯಲ್ಲಿ, ಮೆಟ್ಟಿಲು ಹತ್ತಿದರೆ ಎದೆ ಹಿಡಿಯುತ್ತದೆಂದು ರಾಜರತ್ನ ಹೃದಯದ ಸ್ಕ್ಯಾನಿಗೆ ಬಂದಾಗ, ಈ ಕುರ್ಚಿಯ ಮೇಲೆ ಅವನ ಗಡಿಯಾರ, ಉಂಗುರ, ಕೆಂಪು ಶಾಯಿಯ ಪೆನ್ನು ಇದ್ದವು. ಜಿಪ್ಪು, ಗುಂಡಿ ಇಲ್ಲದ ಬಟ್ಟೆ ಹಾಕಿಕೊಂಡು ಬನ್ನಿ ಎಂದು ಫೋನಿನಲ್ಲಿ ಹೇಳಿದ್ದರಿಂದ ಲಾಡಿಯ ಬಿಳಿ ಪಾಯಜಾಮ, ಜುಬ್ಬಾ ಹಾಕಿಕೊಂಡು ಬಂದಿದ್ದ. ಮದುವಣಿಗನಂತೆ ಕಾಣ್ತೀರಿ ಎಂದು ಅವಳು ಛೇಡಿಸಿದ್ದಳು. ಮೂರು ನಿಮಿಷಕ್ಕೆ ಒಳಗಿನಿಂದ ಒದರುವ ಸದ್ದು ಬಂತು. ಅದು ಅವನ ಸದ್ದೆಂದು ಅವಳಿಗೆ ಹೊಳೆಯಲೇ ಇಲ್ಲ, ನಾಲ್ಕು ವರ್ಷದ ಸಂಸಾರದಲ್ಲಿ ಆ ದನಿ ಅವಳು ಕೇಳಿರಲಿಲ್ಲ. ಹೊರಗೆ ಎಳೆದರು, ನೀರು ಕುಡಿಸಿದರು, ಇನ್ನೊಮ್ಮೆ ಮಲಗಿಸಿದರು. ಎರಡನೆಯ ಸಲ ಅವನು ತಾನಾಗಿಯೇ ನಡೆದು ಬಂದ. ಎರಡೂ ಕೈಯನ್ನು ಪಾಯಜಾಮದ ಮುಂದೆ ಹಿಡಿದುಕೊಂಡಿದ್ದ. ಹೈದರಾಬಾದಿನಲ್ಲಿ ಮಂಪರು ಕೊಟ್ಟು ಮಾಡುತ್ತಾರೆ, ಬರೆದುಕೊಡುತ್ತೇವೆ ಎಂದು ಬಂದೇಅಲಿ ಹೇಳುತ್ತಿದ್ದಾಗ ಅವನು ಕಿಟಕಿಯಾಚೆ ನೋಡುತ್ತಿದ್ದ. ಆಟೋದಲ್ಲಿ ಅವಳು ಅಂದಳು: ಎಂಬತ್ತು ವರ್ಷದ ಮುದುಕ್ಯಾರು ಹೋಗಿ ಬರ್ತಾರ್ರೀ ಒಳಗ. ಅಷ್ಟೇ ಅಂದದ್ದು. ದನಿಯಲ್ಲಿ ನಗು ಇತ್ತೋ ಇಲ್ಲವೋ ಈಗ ನೆನಪಾಗುವುದಿಲ್ಲ ಎಂದುಕೊಳ್ಳುತ್ತಾಳೆ; ಇತ್ತು. ಕಲಬುರಗಿಯಿಂದ ವಾಡಿಯವರೆಗೆ ಅವನು ರೈಲಿನ ಬಾಗಿಲಲ್ಲಿ ಗಾಳಿಗೆ ಮುಖಮಾಡಿ ನಿಂತು ಬಟ್ಟೆ ಒಣಗಿಸಿಕೊಂಡ. ಶಹಾಬಾದಿನಲ್ಲಿ ಸೀಟು ಖಾಲಿಯಾಯಿತು, ಅವಳು ಕರೆಯಲಿಲ್ಲ. ಹಳಿಯ ಪಕ್ಕ ಬಿಸಿಲಿಗೆ ಹೊಳೆಯುವ ಕಲ್ಲುಚಪ್ಪಡಿಗಳ ಸಾಲು ಅವನ ಕಾಲುಗಳ ನಡುವಿನಿಂದ ಕಾಣುತ್ತಿತ್ತು. ಇಳಿಯುವಾಗ ಅವನು, ಅವ್ವಗ ನಾರ್ಮಲ್ ಅಂತ ಹೇಳಿಬಿಡು, ಎಂದ. ಹೇಳಿದಳು. ಆ ರಾತ್ರಿ ಊಟಕ್ಕೆ ಕೂತಾಗ, ಒಳಗೆ ಮುಕ್ಕಾಲು ತಾಸು ಮಲಗಿದ್ದೆ, ನಿದ್ದೆಯೇ ಬಂದುಬಿಟ್ಟಿತ್ತು ಎಂದು ಅವನು ಸುರೇಶನಿಗೆ ವರ್ಣಿಸಿದ. ಅವಳು ರೊಟ್ಟಿ ಹಾಕುತ್ತ ನಕ್ಕಳು. ಹೈದರಾಬಾದಿನ ಕಾಗದ ಪಿಯುಸಿ ವಿಜ್ಞಾನದ ಪುಸ್ತಕವೊಂದರಲ್ಲಿ ಮಡಚಿಕೊಂಡು ಉಳಿಯಿತು. ಅವನು ಆ ಮಾತು ಎತ್ತಲಿಲ್ಲ; ಎತ್ತಿದರೆ ಪಾಯಜಾಮದ ಮಾತೂ ಏಳುತ್ತದೆಂದು ಅವಳೂ ಎತ್ತಲಿಲ್ಲ.

ಸುರೇಶ ತಿರುಗಿ ಬಂದಾಗ ಮುಖ ಇಳಿದಿತ್ತು.

"ಒಂದೂ ಚೂರು ಇಲ್ಲಂತ" ಎಂದ. "ಹನ್ನೊಂದು ವರ್ಷ ಕೆಲಸ ಮಾಡಿ ಒಂದೂ ಇಲ್ಲ! ಇವರ ಎಕ್ಸ್‌ರೇನೇ ಖರಾಬ್ ಅದ."

"ಚಲೋ ಆತಲ್ರಿ" ಎಂದ ಹಿಂದೆಯೇ ಬಂದ ಬಂದೇಅಲಿ. "ಬರ್ರಿ, ಉಡದಾರ ಬೆಳ್ಳೀದಿದ್ರ ಬಿಚ್ಚಿಡ್ರಿ. ಮೊಬೈಲ್ ಕೊಡ್ರಿ ಮೇಡಂ ಕೈಯಾಗ."

ಲುಂಬಿನಿ ಕೈ ಚಾಚಿದಳು. ಅನಸುಬಾಯಿ ಅವಳ ಕೈಯ ಮೇಲಿನಿಂದ ತನ್ನ ಕೈ ಹಾಯಿಸಿ ಮೊಬೈಲನ್ನು ಕಸಿದುಕೊಂಡಳು. ಆದರೆ ಸುರೇಶ ಉಡದಾರಕ್ಕೆ ಕೈ ಹಾಕಲಿಲ್ಲ. ತೆರೆದ ಬಾಗಿಲಿನಿಂದ ಒಳಗಿನ ಬಿಳಿ ಸುರಂಗ ಕಾಣುತ್ತಿತ್ತು. ಅವನ ಕುತ್ತಿಗೆಯಲ್ಲಿ ಬೆವರು ಮೂಡಿದ್ದನ್ನು ಅವಳು ನೋಡಿದಳು, ಆ ಚಳಿಯಲ್ಲಿ.

"ನಾ ಹೋಗಂಗಿಲ್ಲ" ಎಂದ. "ಯಾಕ ಹೋಗಬೇಕು? ಅಣ್ಣಗ ಸುಳ್ಳು ಹೇಳಿದ ಮಶೀನ್ ನನಗ ಖರೆ ಹೇಳ್ತದೇನು? ನಾಗೇಂದ್ರಪ್ಪಗ ಎಕೋ ಕಾಗದ ತೋರಸ್ತೀನಿ. ಇಲ್ಲಂದ್ರ ಚಿಂಚೋಳಿ ಕಡೆ ಹೋಗ್ತೀನಿ, ಅಲ್ಲಿ ಯಾರೂ ಕೇಳಂಗಿಲ್ಲ."

ಹೋಗಲಿ, ಎಂದು ಲುಂಬಿನಿಗೆ ಅನ್ನಿಸಿತು. ಯೋಚನೆ ಬಹಳ ಸಮಾಧಾನವಾಗಿ ಬಂದು ಎದುರಿಗೆ ಕೂತಿತು. ಇವನು ಮೆಟ್ಟಿಲಿಳಿದು ಹೋದರೆ ಬಂದೇಅಲಿಯ ಬಾಯಿಂದ ಏನೂ ಹೊರಬೀಳುವುದಿಲ್ಲ. ಇವನು ಚಿಂಚೋಳಿಗೋ ಕುಂಚಾವರಂಗೋ ಹೋಗಿ ಯಾವುದೋ ಶೆಡ್ಡಿನ ಮೇಲೆ ಹತ್ತುತ್ತಾನೆ. ಒಂದು ದಿನ ಫೋನು ಬರುತ್ತದೆ. ಆಮೇಲೆ ಅನಸುಬಾಯಿಗೆ ತನ್ನ ಮತ್ತು ಸೊಸೆಯ ನಡುವೆ ಕೂರಿಸಿಕೊಳ್ಳಲು ಯಾರೂ ಇರುವುದಿಲ್ಲ. ಆ ದಿನದ ಅತ್ತೆಯ ಮುಖವನ್ನು ಅವಳು ಕಣ್ಣ ಮುಂದೆ ತಂದುಕೊಂಡಳು. ಗಾಬರಿಯಾಗಬೇಕೆಂದು ಕಾದಳು, ಆಗಲಿಲ್ಲ. ಸುಮ್ಮನೆ ಇದ್ದರೆ ಸಾಕು, ಮೂರು ತಿಂಗಳು ಇದ್ದ ಹಾಗೆಯೇ.

"ನಡಿ ಸುರ್ಯಾ" ಎಂದು ಅನಸುಬಾಯಿ ಎದ್ದಳು. "ಇಕಿ ಕರಕೊಂಡು ಬಂದ ಜಾಗಾದಾಗ ನಮಗೇನ್ ಕೆಲಸ? ಒಬ್ಬನ್ನ ಕರಕೊಂಡು ಬಂದದ್ದು ಸಾಲ್ಲಿಲ್ಲೇನು?"

"ಅಣ್ಣ ಗಂಡಸವ್ವ" ಎಂದ ಸುರೇಶ, ಈಗ ಹೊರಡುವ ಧೈರ್ಯದಲ್ಲಿ, ಕಾಯುತ್ತ ಕೂತವರಿಗೆಲ್ಲ ಕೇಳುವಂತೆ. "ಮುಕ್ಕಾಲು ತಾಸು ಒಳಗ ಮಲಗಿ ಎದ್ದು ಬಂದ. ಏನ್ ಸಿಕ್ತು ಅವಂಗ?"

"ನಿಮ್ಮಣ್ಣ ಮಲಗಲಿಲ್ಲ" ಎಂದಳು ಲುಂಬಿನಿ.

ದನಿ ಅವಳಿಗೇ ಗುರುತು ಸಿಗದಷ್ಟು ಸ್ವಚ್ಛವಾಗಿತ್ತು. "ಮೂರು ನಿಮಿಷ ಇದ್ದ. ಒದರಿದ. ಹೊರಗ ಎಳದ್ರು. ಎರಡನೇ ಸಲ ಒಳಗ ತಳ್ಳೂದಕ್ಕ ಪಾಯಜಾಮದಾಗ ಉಚ್ಚಿ ಹೊಯ್ಕೊಂಡ. ಚಿತ್ರ ಒಂದೂ ಬಂದಿಲ್ಲ. ಕೇಳು ಇವರಿಗೆ, ಇಲ್ಲೇ ನಿಂತಾರ. ಮಶೀನ್ ಏನೂ ಅಂದಿಲ್ಲ. ನಾರ್ಮಲ್ ಅಂದಾಕಿ ನಾನು. ಅವ ಹೇಳು ಅಂದ, ನಾ ಹೇಳ್ದೆ. ಹೈದರಾಬಾದಿಗಿ ಬರದಿದ್ರು, ಹೋಗಲಿಲ್ಲ. ಹೋಗಿದ್ರ ಇವತ್ತು ಇರ್ತಿದ್ನೋ ಏನೋ. ಈಗ ಹೋಗು. ಚಿಂಚೋಳಿಗಿ ಹೋಗು."

ಎದುರಿನ ಬೆಂಚಿನ ಮೇಲೆ ಕೈಗೆ ಸೂಜಿ ಚುಚ್ಚಿಸಿಕೊಂಡು ಕೂತಿದ್ದ ಮುದುಕನೊಬ್ಬ ಮುಖ ತಿರುಗಿಸಿದ. ಇವನನ್ನು ಉಳಿಸಲೆಂದು ಹೇಳಿದೆ ಎಂದು ಅವಳು ಮುಂದೆ ಯಾರ ಮುಂದೆಯಾದರೂ ಹೇಳಬಹುದಿತ್ತು. ಹಾಗೆ ಇರಲಿಲ್ಲ. ಉಚ್ಚಿ ಎಂಬ ಶಬ್ದವನ್ನು ಅಷ್ಟು ಜನರ ನಡುವೆ ಆಡುವಾಗ ನಾಲಿಗೆಗೆ ಆದ ಸುಖ ಅವಳಿಗೆ ಗೊತ್ತಿತ್ತು. ಸತ್ತವನನ್ನು ಇನ್ನೊಮ್ಮೆ ಹೊರಗೆ ಎಳೆದು, ಕೈ ಪಾಯಜಾಮದ ಮುಂದೆ ಹಿಡಿದ ಭಂಗಿಯಲ್ಲಿಯೇ ಅವರಿಬ್ಬರ ಎದುರು ನಿಲ್ಲಿಸಿದ್ದಳು.

ಸುರೇಶ ಅವಳ ಕಡೆ ಒಂದು ಹೆಜ್ಜೆ ಬಂದ. ಹೊಡೆಯುತ್ತಾನೆ ಅಂದುಕೊಂಡಳು. ಅವನು "ಅಂವ ಅಂಜಿದ್ನಾ?" ಎಂದ. ಅಂಗಿ ಎತ್ತಿ ಉಡದಾರ ಬಿಚ್ಚಿ ತಾಯಿಯ ಮಡಿಲಿಗೆ ಹಾಕಿ, ತಲೆ ಬಗ್ಗಿಸಿ ಒಳಗೆ ಹೋದ. ದಪ್ಪ ಬಾಗಿಲು ಮುಚ್ಚಿಕೊಂಡಿತು. ಸ್ವಲ್ಪ ಹೊತ್ತಿಗೆ ಗೋಡೆಯ ಆಚೆಯಿಂದ ಕಲ್ಲು ಕೊರೆಯುವ ಯಂತ್ರದಂಥ ಸದ್ದು ಶುರುವಾಯಿತು.

ಅನಸುಬಾಯಿ ಉಡದಾರವನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದಳು. ಅಳುತ್ತಾಳೆ, ಇಲ್ಲವೆ ಶಪಿಸುತ್ತಾಳೆ ಎಂದು ಲುಂಬಿನಿ ಕಾದಳು.

"ಆ ಪಾಯಜಾಮ ನಾ ತೊಳದೀನಿ" ಎಂದಳು ಅನಸುಬಾಯಿ. ತಿರುಗಿ ನೋಡಲಿಲ್ಲ. "ಚಾ ಚೆಲ್ಲಿತು ಅಂದ. ಹಡದಾಕಿಗಿ ಮಗನ ಉಚ್ಚಿ ವಾಸನಿ ಗೊತ್ತಾಗಂಗಿಲ್ಲ ಅಂತ ತಿಳಕೊಂಡೀರೇನು ಇಬ್ರೂ?"

"ಗೊತ್ತಿತ್ತಾ?"

"ಏನೋ ಆಗ್ಯದ ಅಂತ ಗೊತ್ತಿತ್ತು."

"ಮತ್ತ ಮೂರು ತಿಂಗಳಿಂದ ಮಂದಿ ಮುಂದ ನಾರ್ಮಲ್ ಅಂದಿತ್ತು, ನಾರ್ಮಲ್ ಅಂದಿತ್ತು ಅಂತ..."

"ನೀ ಒಮ್ಮ್ಯರ ಬಾಯಿ ಬಿಡ್ತಿ ಏನಂತ ನೋಡ್ಲಿಕತ್ತಿದ್ದೆ" ಎಂದಳು ಅನಸುಬಾಯಿ. "ಬಿಡಲಿಲ್ಲ. ಕಲತಾಕಿ. ಯೂನಿವರ್ಸಿಟಿ."

ಲುಂಬಿನಿಗೆ ಆ ಎಲ್ಲ ಮಧ್ಯಾಹ್ನಗಳು ಒಟ್ಟಿಗೆ ನೆನಪಾದವು. ಎತ್ತಿದ ಬಟ್ಟಲುಗಳು, ಒಳಗೆ ಹೋಗುವಾಗ ಬೆನ್ನಿನ ಮೇಲೆ ಬೀಳುತ್ತಿದ್ದ ನೋಟ. ಅದು ದುಃಖದ ನೋಟವೆಂದು ತಿಳಿದು ಅವಳು ಸಹಿಸಿದ್ದಳು. ಬೋನಿಗೆ ಬಿದ್ದ ಇಲಿಯನ್ನು ನೋಡುವ ನೋಟ ಅದು. ಸುರೇಶ ಇದೇ ಸುಳ್ಳನ್ನು ನಂಬಿ ಎದ್ದು ಹೋಗುತ್ತಿದ್ದ, ಆಗಲೂ ಈ ಹೆಂಗಸು ಕಾಯುತ್ತಲೇ ಇದ್ದಳು. ಮಗ ಹೋಗಲಿ, ಸೊಸೆಯ ಬಾಯಿ ಬಿಡಿಸಿದರೆ ಸಾಕು. ಅಥವಾ ಸೊಸೆಯ ಬಾಯಿ ಬಿಡಿಸಲಿಕ್ಕೆಂದೇ ಎದ್ದಳೇನೋ. ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡಿದ್ದೇವೆ ಎಂದು ಹೊಳೆದು ಅವಳಿಗೆ ಹೇಸಿಕೆಯಾಯಿತು.

ಬಾಗಿಲು ತೆರೆದು ಬಂದೇಅಲಿ ತಲೆ ಹೊರಹಾಕಿದ. "ಮೇಡಂ, ಜರಾ ಒಳಗ ಬರ್ರಿ. ಹತ್ತು ಸಲ ಹೇಳ್ದೆ, ಅವರು ಕೇಳವಲ್ರು. ಹಿಂಗಾದ್ರ ಇವರ್ದೂ ಬರಂಗಿಲ್ಲ."

ಗಾಜಿನ ಈಚೆಯ ಸಣ್ಣ ಕೋಣೆಯಲ್ಲಿ ಎರಡು ಪರದೆಗಳಿದ್ದವು. ಗಾಜಿನ ಆಚೆ ಸುರಂಗದ ಬಾಯಿಂದ ಸುರೇಶನ ಎರಡು ಪಾದ ಮಾತ್ರ ಹೊರಗಿದ್ದವು. ಉಸಿರು ತೆಗೆದುಕೊಂಡು, ಪೂರ್ತಿ ಹೊರಗೆ ಬಿಟ್ಟು, ಆಮೇಲೆ ಹಿಡಿಯಬೇಕು. ಆಗ ಹೃದಯ ಪ್ರತಿ ಸಲವೂ ಒಂದೇ ಜಾಗದಲ್ಲಿ ನಿಲ್ಲುತ್ತದೆ ಎಂದು ಬಂದೇಅಲಿ ವಿವರಿಸಿದ. ಇವರು ಎದೆ ತುಂಬ ಎಳೆದುಕೊಂಡು ಹಿಡಿಯುತ್ತಾರೆ. ಒಂದೊಂದು ಸಲ ಒಂದೊಂದು ಕಡೆ. ಚಿತ್ರವೆಲ್ಲ ಕಲಸಿಹೋಗಿದೆ. ಪರದೆಯ ಮೇಲೆ ನೀರಿನಲ್ಲಿ ಕದಡಿದ ಬೂದಿಯಂಥದ್ದೇನೋ ಇತ್ತು.

ಅವಳಿಗೆ ಕಾರಣ ಗೊತ್ತಿತ್ತು. ಹಿಂದಿನ ವರ್ಷ ಅವನು ಮನೆಯ ಮುಂದಿನ ಗೇಟು ಬೆಸೆಯುತ್ತಿದ್ದಾಗ ಒಳಗಿನಿಂದ ನೋಡಿದ್ದಳು. ಕಿಡಿ ಹಾರುವ ಮೊದಲು ಕೆನ್ನೆ ಉಬ್ಬುವಷ್ಟು ಉಸಿರು ಎಳೆದುಕೊಂಡು, ಗೆರೆ ಮುಗಿಯುವವರೆಗೆ ಹಿಡಿದು, ಮುಖ ಆಚೆ ತಿರುಗಿಸಿ ಬಿಡುತ್ತಿದ್ದ. ಹೊಗೆ ಒಳಗೆ ಹೋಗಬಾರದೆಂದು ಹನ್ನೊಂದು ವರ್ಷ ಕಲಿತ ಉಸಿರು. ಉಸಿರು ಹಿಡಿ ಎಂದರೆ ಅವನ ಮೈಗೆ ಅದೊಂದೇ ಗೊತ್ತು. ಬಂದೇಅಲಿ ಮೈಕಿನ ಗುಂಡಿ ತೋರಿಸಿದ.

"ಸುರೇಶ" ಎಂದಳು. ಪಾದಗಳು ಅಲುಗಿದವು. "ವೆಲ್ಡಿಂಗ್ ಮಾಡುವಾಗ ಹಿಡದಂಗ ಹಿಡೀಬ್ಯಾಡ. ಅಲ್ಲಿ ಹೊಗಿ ಇಲ್ಲ. ಎಲ್ಲಾ ಹೊರಗ ಬಿಡು, ಖಾಲಿ ಆದ ಮ್ಯಾಲ ಹಿಡಿ. ಹೂಂ, ಉಸರು ತಗೋ. ಬಿಡು. ಇನ್ನಾ ಬಿಡು. ಹಿಡಿ."

ಯಂತ್ರ ಕೊರೆಯಿತು. ಬಂದೇಅಲಿ ಬೆರಳೆತ್ತಿದ, ಅವಳು ಬಿಡು ಎಂದಳು. ಪರದೆಯ ಮೇಲೆ ಬೂದಿ ತಿಳಿಯಾಗಿ, ಬಿಳಿಯ ಸುತ್ತ ಕಪ್ಪಾದ ಒಂದು ಬಳೆ ಕಾಣಿಸಿಕೊಂಡು ಮುಚ್ಚಿಕೊಳ್ಳತೊಡಗಿತು, ತೆರೆದುಕೊಳ್ಳತೊಡಗಿತು. "ಇದು ಒಂದು ಬಡಿತ ಅಲ್ರಿ" ಎಂದ ಬಂದೇಅಲಿ. "ಹತ್ತು ಬಡಿತ ಕೂಡಿಸಿ ಒಂದು ಮಾಡಿ ತೋರಸ್ತದ." ಬಳೆಯ ಒಂದು ಕಡೆ ಇನ್ನೊಂದರ ಎರಡರಷ್ಟು ದಪ್ಪವಿತ್ತು. ಕುಗ್ಗಿದಾಗ ಒಳಗಿನ ಬಿಳಿ ಪೂರ್ತಿ ಕಾಣದಾಗುತ್ತಿತ್ತು. ರಾಜರತ್ನನದೂ ಹೀಗೆಯೇ ಇದ್ದಿರಬೇಕು, ಅವಳು ನಾಲ್ಕು ವರ್ಷ ಕಿವಿಯಿಟ್ಟು ಮಲಗಿದ್ದ ಎದೆ. ಅದನ್ನು ಅವಳು ನೋಡಲಿಲ್ಲ. ಇವನದನ್ನು ನೋಡುತ್ತಿದ್ದಾಳೆ. ಹೊರಗೆ ಕೂತ ಅತ್ತೆಗೆ ಇನ್ನೂ ಈ ಒಬ್ಬ ಮಗನ ಎದೆ ಉಳಿದಿದೆ.

ಹಿಡಿ, ಬಿಡು, ಹಿಡಿ, ಬಿಡು. ಅವನು ಒಂದೂ ತಪ್ಪದೆ ಕೇಳಿದ. ಔಷಧಿ ಏರಿಸಿದ ಮೇಲೆ ಕೊನೆಯ ಚಿತ್ರಗಳು. ಕಪ್ಪು ಗೋಡೆಯೊಳಗೆ ಸುಣ್ಣದ ಬೆರಳು ಒತ್ತಿದಂತೆ ಎರಡು ಬಿಳಿ ಗುರುತು ಮೂಡಿದವು. ಕಲೆ, ಎಂದ ಬಂದೇಅಲಿ ಮೆಲ್ಲಗೆ. ಇನ್ನೊಂದೇ ಸಲ ಎಂದ. "ಹಿಡಿ" ಎಂದಳು ಲುಂಬಿನಿ. ಬಂದೇಅಲಿಯ ಬೆರಳು ಮೇಲೆ ಹೋಯಿತು. ಅವಳು ಬೆರಳನ್ನು ನೋಡಿದಳು. ಪಾದಗಳ ಹೆಬ್ಬೆರಳು ಒಳಗೆ ಮಡಚಿಕೊಂಡದ್ದನ್ನೂ ನೋಡಿದಳು. ಒಂದು. ಎರಡು. ಮೂರು.

"ಬಿಡಸ್ರಿ ಮೇಡಂ!"

"ಬಿಡು" ಎಂದಳು.

ಒಂದು ತಾಸಿನ ನಂತರ ಡಾಕ್ಟರು ಕರೆದಾಗ ಅನಸುಬಾಯಿ "ನೀ ಬರಬ್ಯಾಡ" ಎಂದು ಮಗನನ್ನು ಕರೆದುಕೊಂಡು ಒಳಗೆ ಹೋದಳು. ಬಾಗಿಲ ಸಂದಿಯಿಂದ ಮಾತು ಕೇಳುತ್ತಿತ್ತು. ಕಲೆ ಇದೆ, ಎತ್ತರದ ಕೆಲಸ ಇನ್ನು ಸಾಧ್ಯವಿಲ್ಲ, ಭುಜದ ಎಲುಬಿನ ಕೆಳಗೆ ಒಂದು ಸಣ್ಣ ಪೆಟ್ಟಿಗೆ ಇಡಬೇಕು, ಬಡಿತ ತಪ್ಪಿದರೆ ಅದು ಹೊಡೆದು ಸರಿಮಾಡುತ್ತದೆ, ಈಗ ಬಂದದ್ದು ಒಳ್ಳೆಯದಾಯಿತು. ಅನಸುಬಾಯಿ ಅದನ್ನೇ ಮೂರು ಸಲ ಕೇಳಿ ಮೂರು ಸಲ ಹೇಳಿಸಿಕೊಂಡಳು. ಆಮೇಲೆ ಹೊರಗೆ ಬಂದು, ಲುಂಬಿನಿಯನ್ನು ದಾಟಿ, ಮೆಟ್ಟಿಲ ಕಡೆ ನಡೆದಳು.

ಸುರೇಶ ಹಿಂದೆ ಉಳಿದ. ಎದೆಗೆ ಅಂಟಿಸಿದ್ದ ಪಟ್ಟಿಯ ಗುರುತು ಅಂಗಿಯ ಕೊರಳಲ್ಲಿ ಕೆಂಪಗೆ ಕಾಣುತ್ತಿತ್ತು.

"ಕಡೀ ಸಲ ನೀವು ಬೇಕಂತನೇ ತಡಾ ಮಾಡಿದ್ರಿ" ಎಂದ.

ಮಶೀನಿಗೆ ಅಷ್ಟು ಹೊತ್ತು ಬೇಕಿತ್ತು ಎನ್ನಬಹುದಿತ್ತು. ಅವನು ನಂಬುತ್ತಿದ್ದ.

"ಹೌದು" ಎಂದಳು.

"ನಾ ಎಣಸ್ಲಿಕತ್ತಿದ್ದೆ. ಐದು."

ಮೂರು, ಅವಳು ಎಣಿಸಿದ್ದಳು. ಅವನ ಮುಖ ನೋಡಿದಳು. ಅಣ್ಣನ ಮೂಗು, ಅಣ್ಣನದೇ ಹುಬ್ಬು.

"ಐದೇ ಇರಬೇಕು" ಎಂದಳು.